ಮರ್ಕಂಜದ ಕೆಂಪು ನೂಲಿನ ಅಕ್ಷರಗಳು

ಪುತ್ತೂರಿನ ದರ್ಬೆಯ ನಮ್ಮ ಮನೆಗೆ ಈಗಲೂ ವರ್ಷಕ್ಕೆ ಒಬ್ಬಿಬ್ಬರು ಹೊಸ ಹೊಲಿಗೆ ಟೀಚರುಗಳು ಬರುವುದುಂಟು. ಯಾರೋ ನನ್ನ ಹೆಸರು ಹೇಳಿ ಕಳಿಸಿರುತ್ತಾರೆ. ಬಂದವರು ಮೆಷಿನಿನ ವಿಷಯ ಕೇಳುತ್ತಾರೆ, ಬ್ಲೌಸಿನ ಕಟಿಂಗ್ ಕೇಳುತ್ತಾರೆ, ಮಕ್ಕಳು ಗಲಾಟೆ ಮಾಡಿದರೆ ಏನು ಮಾಡಬೇಕೆಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಈ ಕೆಲಸದಲ್ಲಿ ನಾನು ನಿಜವಾಗಿ ಕಲಿತದ್ದನ್ನು ಹೇಳಬೇಕಾದರೆ ಒಂದು ಬಟ್ಟೆಯ ಕಥೆ ಹೇಳಬೇಕು. ಅದು ಚಾ ಕುಡಿಯುವಷ್ಟರಲ್ಲಿ ಮುಗಿಯುವ ಕಥೆಯಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ಐವತ್ತರ ದಶಕದ ಆರಂಭದಲ್ಲಿ ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಇನ್ನೂ ಮದ್ರಾಸು ಸರಕಾರದ ಆಡಳಿತ. ಹೊಲಿಗೆ ಟೀಚರಾಗಲು ಮಂಗಳೂರಿಗೆ ಹೋಗಿ ಪರೀಕ್ಷೆ ಕೊಡಬೇಕಿತ್ತು. ಪರೀಕ್ಷೆಯೆಂದರೆ ಮುಖ್ಯವಾಗಿ ಸ್ಯಾಂಪ್ಲರ್. ಈ ಶಬ್ದ ಈಗಿನವರಿಗೆ ಹೊಸತು ಕಾಣಬಹುದು. ಮೊಣಕೈ ಉದ್ದದ ಒಂದು ಬಿಳಿ ಬಟ್ಟೆಯ ಮೇಲೆ ನಮಗೆ ಬರುವ ಹೊಲಿಗೆಗಳನ್ನೆಲ್ಲ ಸಾಲಾಗಿ ಹಾಕಿ ತೋರಿಸುವುದು. ಮೊದಲ ಸಾಲಿನಲ್ಲಿ ಓಡುಹೊಲಿಗೆ, ಆಮೇಲೆ ಹೆಮ್ಮಿಂಗ್, ಕಾಜ, ಹರಿದಲ್ಲಿಗೆ ತೇಪೆ, ತೂತಿಗೆ ರಫೂ, ಕೊನೆಗೆ ಎಳೆ ಎಣಿಸಿ ಗುಣಾಕಾರದ ಗುರುತಿನ ಹಾಗೆ ಹಾಕುವ ಕ್ರಾಸ್ ಸ್ಟಿಚ್‌ನಲ್ಲಿ ಅಕ್ಷರಮಾಲೆ. ಒಂದೇ ಬಟ್ಟೆ ನೋಡಿದರೆ ಆ ಕೈಗೆ ಏನೆಲ್ಲ ಬರುತ್ತದೆ, ಏನು ಬರುವುದಿಲ್ಲ ಎಂದು ಗೊತ್ತಾಗಬೇಕು.

ಆ ಪರೀಕ್ಷೆಯಲ್ಲಿ ನಾನು ತೇಪೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಗಮನವಿಟ್ಟು ಹಾಕಿದೆ. ಪರೀಕ್ಷಕರು ಹೆಸರು ಕರೆದಾಗ ಎದ್ದು ನಿಂತೆ. ಬಟ್ಟೆಯೂ ನನ್ನೊಟ್ಟಿಗೆ ಎದ್ದು ಬಂತು. ತೇಪೆಯನ್ನು ನನ್ನ ಸೀರೆಗೂ ಸೇರಿಸಿ ಹೊಲಿದಿದ್ದೆ. ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, "ಹೊಲಿಗೆ ಗಟ್ಟಿ ಉಂಟು" ಎಂದಷ್ಟೇ ಹೇಳಿ ಕತ್ತರಿ ಕೊಟ್ಟರು. ಪಾಸಾದೆ.

ಮೊದಲ ಶಾಲೆ ಪುತ್ತೂರಿನಲ್ಲಿ. ಅಲ್ಲಿ ನಮ್ಮ ಹೆಡ್‌ಮಿಸ್ಟ್ರೆಸ್ ಐರಿನ್ ಬಾಯಿ, ಮಂಗಳೂರಿನ ಕ್ರೈಸ್ತರು. ಅವರ ಮನೆಯ ಗೋಡೆಯಲ್ಲಿ ಚೌಕಟ್ಟು ಹಾಕಿದ ಹಳೆಯ ಸ್ಯಾಂಪ್ಲರ್ ಒಂದು ಇತ್ತು. ಅವರ ಅಜ್ಜಿ ಹುಡುಗಿಯಾಗಿದ್ದಾಗ ಮಿಶನ್ ಶಾಲೆಯಲ್ಲಿ ಹಾಕಿದ್ದು. ಕೆಂಪು ನೂಲಿನಲ್ಲಿ ಕನ್ನಡ ಅಕ್ಷರಮಾಲೆ, ಅದರ ಕೆಳಗೆ ಅಂಕೆಗಳು, ಎದುರುಬದುರು ಕೂತ ಎರಡು ಹಕ್ಕಿ, ಒಂದು ಹೆಂಚಿನ ಮನೆ.

"ಕೆಂಪು ನೂಲು ಯಾಕೆ, ಬಾಯಿ?" ಎಂದು ಕೇಳಿದ್ದೆ.

"ದೊರೆಸಾನಿಯರು ಬಂದದ್ದಲ್ಲವಾ ಕಲಿಸಲಿಕ್ಕೆ? ಅವರ ದೇಶದಲ್ಲಿ ಹಾಸಿಗೆ ಬಟ್ಟೆಗೆ, ಕರವಸ್ತ್ರಕ್ಕೆ ಮನೆಯವರ ಅಕ್ಷರ ಹಾಕುದಂತೆ, ಅಗಸರ ಹತ್ತಿರ ಅದಲುಬದಲು ಆಗದ ಹಾಗೆ. ಎಷ್ಟು ಒಗೆದರೂ ಹೋಗದ ಬಣ್ಣ ಅದು. ಇಲ್ಲಿ ಬಂದು ಅದನ್ನೇ ಕನ್ನಡದಲ್ಲಿ ಮಾಡಿಸಿದ್ರು."

ಅವರ ಇಂಗ್ಲಿಷ್ ಅಕ್ಷರಗಳು ಹೆಚ್ಚಿನವು ನೆಟ್ಟಗಿನ ಗೀಟುಗಳು, ಚೌಕ ಚೌಕದ ಕ್ರಾಸ್ ಸ್ಟಿಚ್‌ಗೆ ಸಲೀಸಾಗಿ ಬರುತ್ತವೆ. ನಮ್ಮವು ಗುಂಡು. ಒಂದು 'ಅ' ಹಾಕಬೇಕಾದರೆ ಮೆಟ್ಟಿಲು ಹತ್ತಿ ಇಳಿದ ಹಾಗೆ ಎಳೆ ಎಣಿಸುತ್ತಾ ತಿರುಗಬೇಕು. ಯಾರೋ ಒಬ್ಬ ಹೆಂಗಸು, ನೂರು ವರ್ಷದ ಹಿಂದೆ ಇರಬಹುದು, ಕೂತು ಎಣಿಸಿ ಕನ್ನಡದ ಒಂದೊಂದು ಅಕ್ಷರವನ್ನೂ ಚೌಕಕ್ಕೆ ಇಳಿಸಿದ್ದಾಳಲ್ಲ, ಅವಳು ಯಾರು? ಐರಿನ್ ಬಾಯಿಗೂ ಗೊತ್ತಿರಲಿಲ್ಲ. ಅಂದಿನಿಂದ ಹಳೆಯ ಸ್ಯಾಂಪ್ಲರ್ ಎಲ್ಲಿ ಕಂಡರೂ ನಿಂತು ನೋಡುವುದು ನನಗೆ ಅಭ್ಯಾಸವಾಯಿತು.

ರಾಜ್ಯ ಬದಲಾಗಿ ನಾವು ಮೈಸೂರಿಗೆ ಸೇರಿದ ಮೇಲೆ ನನಗೆ ಸುಳ್ಯದ ಕಡೆಯ ಒಂದು ಶಾಲೆಗೆ ವರ್ಗವಾಯಿತು. ಹೆಡ್‌ಮಾಸ್ಟರು ಕೇಶವ ಮಾಸ್ಟ್ರು, ಗಣಿತದವರು. ಹೊಲಿಗೆ ಪಾಠವೆಂದರೆ ಅವರಿಗೆ ಹುಡುಗಿಯರನ್ನು ಒಂದು ಗಂಟೆ ಸುಮ್ಮನೆ ಕೂರಿಸುವ ಉಪಾಯ. ಆದರೆ ಇನ್‌ಸ್ಪೆಕ್ಷನ್ ಹತ್ತಿರ ಬಂದರೆ ಅವರಿಗೂ ಹೊಲಿಗೆಯ ಮೇಲೆ ಪ್ರೀತಿ ಹುಟ್ಟುತ್ತಿತ್ತು. ಆ ವರ್ಷ ಮಂಗಳೂರಿನಿಂದ ಇನ್‌ಸ್ಪೆಕ್ಟ್ರೆಸ್ ಬರುತ್ತಾರೆ, ಹುಡುಗಿಯರ ಕೈಕೆಲಸದ ಪ್ರದರ್ಶನ ಇಡಬೇಕು ಎಂದು ಕಾಗದ ಬಂತು. ಮನೆಯಲ್ಲಿ ಹಳೆಯ ಕಸೂತಿ ಇದ್ದರೆ ತನ್ನಿ ಎಂದು ನಾನು ಮಕ್ಕಳಿಗೆ ಹೇಳಿದೆ.

ಮರ್ಕಂಜದ ಹುಡುಗಿ ಕುಸುಮ ಸುಳ್ಯದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಶಾಲೆಗೆ ಬರುತ್ತಿದ್ದಳು. ಊರಿಗೆ ಹೋಗಿ ಬಂದ ಸೋಮವಾರ ಕಾಗದದಲ್ಲಿ ಸುತ್ತಿದ ಒಂದು ಬಟ್ಟೆ ಮೇಜಿನ ಮೇಲೆ ಇಟ್ಟಳು.

"ಅಜ್ಜಿಯ ಪೆಟ್ಟಿಗೆಯ ಅಡಿಯಲ್ಲಿ ಇತ್ತು, ಟೀಚರ್."

ಬಿಡಿಸಿ ನೋಡಿದರೆ ಸ್ಯಾಂಪ್ಲರ್. ಕೈಮಗ್ಗದ ಒರಟು ಬಟ್ಟೆ, ಹಳದಿಗಟ್ಟಿತ್ತು. ಮೇಲೆ ಕೆಂಪು ಅಕ್ಷರಗಳು, ಒಂದು ಸಾಲಿಗೆ ನಾಲ್ಕು. ಹೊಲಿಗೆ ಎಷ್ಟು ಸಮ ಎಂದರೆ ಪ್ರತಿಯೊಂದು ಅಡ್ಡಗೀಟೂ ಒಂದೇ ಕಡೆಗೆ ವಾಲಿತ್ತು. ಆದರೆ ಓದಲಿಕ್ಕೆ ಬರುತ್ತಿರಲಿಲ್ಲ. ನನಗೆ ಗಲಿಬಿಲಿಯಾಯಿತು. ಮಗುಚಿ ನೋಡಿದೆ. ಹಿಂಬದಿಯಲ್ಲಿ, ಗಂಟುಗಳ ನಡುವೆ, ಸ್ಪಷ್ಟವಾಗಿ ಅ ಆ ಇ ಈ.

ಎದುರು ಬದಿಯಲ್ಲಿ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಬಲದಿಂದ ಎಡಕ್ಕೆ ತಿರುಗಿ ನಿಂತಿದ್ದವು. ಒಂದೆರಡಲ್ಲ, ಪೂರ್ತಿ ಅಕ್ಷರಮಾಲೆ.

ಕೇಶವ ಮಾಸ್ಟ್ರು ನೋಡಿದರು. "ಎಂತ ಗಿರಿಜಾ ಟೀಚರ್ ಇದು? ಅಕ್ಷರವೇ ತಪ್ಪಿದ ಬಟ್ಟೆ ಇನ್‌ಸ್ಪೆಕ್ಟ್ರೆಸರ ಎದುರು ಇಡುದಾ? ಮಕ್ಕಳಿಗೆ ಅಕ್ಷರ ಬರುದಿಲ್ಲ ಅಂತ ಬರೆದು ಹೋಗಿಯಾರು."

ಬದಿಗಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟು ಚಂದದ ಹೊಲಿಗೆಯನ್ನು ಮುಚ್ಚಿಡಲು ಮನಸ್ಸಾಗಲಿಲ್ಲ. ಆಗ ನಾನು ಮಾಡಿದ್ದು ನನ್ನ ಕೆಲಸದ ಬದುಕಿನ ದೊಡ್ಡ ತಪ್ಪು. ಮೊದಲ ಸಾಲನ್ನು ಬಿಚ್ಚಿ ಸರಿಯಾಗಿ ಹಾಕೋಣ, ಸಮಯ ಸಿಕ್ಕಿದಷ್ಟು ಮುಂದುವರಿಸೋಣ ಎಂದುಕೊಂಡೆ. ಮಕ್ಕಳ ತಪ್ಪು ಬಿಚ್ಚುವುದೇ ನನ್ನ ದಿನನಿತ್ಯದ ಕೆಲಸವಾಗಿತ್ತು, ಕೈ ಅದೇ ರೂಢಿಯಲ್ಲಿ ಹೋಯಿತು. ಸೂಜಿ ಹಾಕಿ ಎಳೆದರೆ ಹಳೆಯ ನೂಲು ಪುಡಿಪುಡಿಯಾಗಿ ಉದುರಿತು. ಅದನ್ನು ಮತ್ತೆ ಉಪಯೋಗಿಸುವ ಮಾತೇ ಇರಲಿಲ್ಲ. ಪೇಟೆಯಿಂದ ತಂದ ಹೊಸ ಕೆಂಪು ನೂಲಿನಲ್ಲಿ ಅ ಆ ಇ ಈ ಎಡದಿಂದ ಬಲಕ್ಕೆ ಹಾಕಿದೆ. ನಾಲ್ಕು ಅಕ್ಷರಕ್ಕೆ ಮೂರು ಸಂಜೆ ಹೋಯಿತು. ಉಳಿದದ್ದನ್ನು ಒಳಗೆ ಮಡಚಿ, ನನ್ನ ಸಾಲು ಮಾತ್ರ ಕಾಣುವ ಹಾಗೆ ಮೇಜಿನ ಮೇಲಿಟ್ಟೆ. ಕುಸುಮ ಒಮ್ಮೆ ನೋಡಿ ತನ್ನ ಜಾಗಕ್ಕೆ ಹೋದಳು.

ಇನ್‌ಸ್ಪೆಕ್ಟ್ರೆಸ್ ಬಂದರು. ಐವತ್ತು ದಾಟಿದವರು, ಬಿಳಿ ಸೀರೆ, ಕಡಿಮೆ ಮಾತು. ಯಾವ ಹೊಲಿಗೆ ಕೊಟ್ಟರೂ ಮೊದಲು ಹಿಂಬದಿ ತಿರುಗಿಸಿ ನೋಡುವವರು. ಈ ಬಟ್ಟೆಯನ್ನೂ ಎತ್ತಿದರು, ಮಡಿಕೆ ಬಿಚ್ಚಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು. ಕಿಟಕಿಯ ಹತ್ತಿರ ಒಯ್ದು ಬೆಳಕಿಗೆ ಹಿಡಿದರು. ಹಿಂದೆ ನಿಂತಿದ್ದ ಕೇಶವ ಮಾಸ್ಟ್ರು ನನ್ನನ್ನು ನೋಡಿದ ನೋಟ ಈಗಲೂ ಮರೆತಿಲ್ಲ.

"ಮೊದಲ ಸಾಲು ಯಾರು ಹಾಕಿದ್ದು?"

"ನಾನು, ಮೇಡಂ. ತಪ್ಪಿತ್ತು, ಸರಿ ಮಾಡಿದೆ."

ಅವರು ಕುರ್ಚಿ ಎಳೆದು ಕೂತರು. ನನಗೂ ಕೂರಲು ಹೇಳಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ.

"ಸ್ಯಾಂಪ್ಲರ್ ಅಂದರೆ ಮೊದಲು ಪರೀಕ್ಷೆಗೆ ಮಾಡುವ ಬಟ್ಟೆ ಆಗಿರಲಿಲ್ಲ. ನಮೂನೆಯ ಪುಸ್ತಕ ಇಲ್ಲದ ಕಾಲದಲ್ಲಿ ಅದು ಹೆಂಗಸರ ನೋಟ್ ಪುಸ್ತಕ. ಎಲ್ಲಿಯಾದರೂ ಒಂದು ಹೂ, ಒಂದು ಅಂಚು ಚಂದ ಕಂಡರೆ ಮರೆಯದ ಹಾಗೆ ತುಂಡು ಬಟ್ಟೆಯಲ್ಲಿ ಹಾಕಿಟ್ಟುಕೊಳ್ಳುವುದು. ಶಾಲೆಗೆ ಬಂದದ್ದು ಆಮೇಲೆ. ಅದರಲ್ಲಿ ತಪ್ಪು ಇದ್ದರೆ ಆ ತಪ್ಪಿಗೂ ಏನೋ ಒಂದು ಕಾರಣ ಇರುತ್ತದೆ." ಬಟ್ಟೆಯನ್ನು ನನ್ನ ಕೈಗಿಟ್ಟರು. "ಈ ನೂಲು ನೋಡಿ. ಅಂಗಡಿಯ ಕಸೂತಿ ನೂಲಲ್ಲ. ಸೀರೆಯ ಅಂಚಿನಿಂದ ಎಳೆದದ್ದು. ಶಾಲೆಯಲ್ಲಿ ಕಲಿತ ಹುಡುಗಿಗೆ ನೂಲು ಶಾಲೆಯೇ ಕೊಡುತ್ತಿತ್ತು. ಇವಳು ಎಲ್ಲಿ ಕಲಿತಳು?"

"ಗೊತ್ತಿಲ್ಲ, ಮೇಡಂ."

"ಕೇಳಲಿಲ್ಲವಾ?"

ನಾನು ಕೇಳಿಯೇ ಇರಲಿಲ್ಲ. ಪುತ್ತೂರಿನ ಗೋಡೆಯಲ್ಲಿದ್ದ ಸ್ಯಾಂಪ್ಲರಿನ ಬಗ್ಗೆ ಅಷ್ಟೆಲ್ಲ ಕೇಳಿದವಳು ಕೈಯಲ್ಲಿದ್ದ ಬಟ್ಟೆ ಯಾರದೆಂದು ಕೇಳದೆ ಬಿಚ್ಚಿದ್ದೆ. ಹೊರಡುವಾಗ ಅವರು, "ಕಾರಣ ಗೊತ್ತಾದರೆ ನನಗೊಂದು ಕಾಗದ ಬರೆಯಿರಿ. ಇಂಥದ್ದನ್ನು ನಾನು ಇದುವರೆಗೆ ನೋಡಿಲ್ಲ" ಎಂದರು.

ಆ ವಾರವೆಲ್ಲ ಅದೇ ಯೋಚನೆ. ಎಡಗೈಯವಳಿರಬಹುದಾ? ಎಡಗೈಯವರಿಗೆ ಕಲಿಸಿದ್ದೆ, ಹೊಲಿಗೆ ವಾಲುವುದು ಬದಲಾಗುತ್ತದೆ, ಅಕ್ಷರ ತಿರುಗುವುದಿಲ್ಲ. ಕನ್ನಡಿ ನೋಡಿ ಹಾಕಿದ್ದಾ? ಯಾಕೆ ಹಾಕುತ್ತಾರೆ? ಕುಸುಮನನ್ನು ಕೇಳಿದರೆ ಅಳು ಬಂತು ಅವಳಿಗೆ. ಅಜ್ಜಿಗೆ ಹೇಳದೆ ತಂದಿದ್ದಳಂತೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳ ಜೊತೆ ಹೊರಟೆ. ಬಸ್ಸು ಇಳಿದು ಗದ್ದೆಬದಿಯಲ್ಲಿ ನಡೆದು ಒಂದು ಸಂಕ ದಾಟಬೇಕಿತ್ತು. ಎರಡು ಮರದ ದಿಮ್ಮಿ ಹಾಕಿದ ಆ ಸಂಕದ ಮೇಲೆ ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ದಾಟುವಾಗ, ಅಜ್ಜಿಯ ಎದುರು ಮೊದಲ ಮಾತು ಎಂತ ಹೇಳುದು ಎಂದು ಲೆಕ್ಕ ಹಾಕುತ್ತಿದ್ದೆ.

ಕುಸುಮನ ಅಜ್ಜಿ ಪೂವಮ್ಮ ಎಪ್ಪತ್ತರ ಹತ್ತಿರದವರು. ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕಣ್ಣು ಮಂಜಾಗಿತ್ತು, ಕೈ ಮಾತ್ರ ಚುರುಕು. ಅವರದು ಅರೆಭಾಷೆ, ಸುಳ್ಯದ ಕಡೆ ಮನೆಗಳಲ್ಲಿ ಆಡುವ ಕನ್ನಡದ ಒಂದು ಬಗೆ. ನನಗೆ ಪೂರ್ತಿ ಬರುವುದಿಲ್ಲವಾದ್ದರಿಂದ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಬೆಲ್ಲ ನೀರು ಕೊಟ್ಟರು. ಕುಡಿದಾದ ಮೇಲೆ ಬಟ್ಟೆ ತೆಗೆದು ಅವರ ಮಡಿಲಲ್ಲಿಟ್ಟೆ.

ಅವರು ಬೆರಳಾಡಿಸಿದರು. ಮೇಲಿನ ಸಾಲಿಗೆ ಬಂದಾಗ ಬೆರಳು ನಿಂತಿತು.

"ಇದು ನನ್ನದಲ್ಲ."

"ನಾನು ಬಿಚ್ಚಿದೆ, ಅಮ್ಮಾ. ತಪ್ಪು ಅಂತ ಗ್ರಹಿಸಿ ಬೇರೆ ಹಾಕಿದೆ. ನಿಮ್ಮನ್ನು ಕೇಳಬೇಕಿತ್ತು."

ಅವರು ಕುಸುಮನ ಕಡೆ ಮುಖ ತಿರುಗಿಸಿದರು. ಹುಡುಗಿ ಕಂಬದ ಹಿಂದೆ ಸರಿದಳು. ಆಮೇಲೆ ಅಜ್ಜಿ, "ತಪ್ಪೇ ಅದು. ನನ್ನ ಮಗನೂ ಹಾಗೆಯೇ ಹೇಳಿದ್ದು" ಎಂದು ಹೇಳಲು ಶುರು ಮಾಡಿದರು.

ಅವರಿಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಪುತ್ತೂರಿನಲ್ಲಿ ಕೋರ್ಟಿನ ಕೆಲಸದಲ್ಲಿದ್ದ ಒಬ್ಬರ ಮನೆಯಲ್ಲಿ ಮಗು ನೋಡಿಕೊಳ್ಳಲು ಬಿಟ್ಟಿದ್ದರು. ಆ ಮನೆಯ ಅಮ್ಮ ಮಂಗಳೂರಿನವರು, ಮಿಶನ್ ಶಾಲೆಯಲ್ಲಿ ಕಲಿತವರು. ದಿನಾ ಮಧ್ಯಾಹ್ನ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಅಕ್ಷರವನ್ನೂ ಹೊಲಿಗೆಯನ್ನೂ ಒಟ್ಟಿಗೆ ಕಲಿಸುತ್ತಿದ್ದರು. ಜಗಲಿಯ ಅಂಚಿಗೆ ಕಟ್ಟಿದ ಹಗ್ಗದಲ್ಲಿ ತನ್ನ ಹಳೆಯ ಸ್ಯಾಂಪ್ಲರನ್ನು, ಮಕ್ಕಳಿಗೆ ಕಾಣುವ ಹಾಗೆ ಒಳಮುಖ ಮಾಡಿ, ಇಳಿಬಿಡುತ್ತಿದ್ದರು.

"ಮಗು ಅತ್ತರೆ ಪಾಠಕ್ಕೆ ತೊಂದರೆ ಆಗುತ್ತದೆ ಅಂತ ನನಗೆ ಅಂಗಳದಲ್ಲೇ ಇರಲು ಹೇಳಿದ್ದರು. ಪೇರಳೆ ಮರದ ಅಡಿಯಲ್ಲಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಲ್ಲುತ್ತಿದ್ದೆ. ಅಲ್ಲಿಂದ ಆ ಬಟ್ಟೆ ಚೆನ್ನಾಗಿ ಕಾಣುತ್ತಿತ್ತು."

ಹಿಂಬದಿ ಕಾಣುತ್ತಿತ್ತು. ಅವರಿಗೆ ಅದು ಹಿಂಬದಿ ಎಂದು ಗೊತ್ತಿರಲಿಲ್ಲ.

"ಅಕ್ಷರ ಅಂತ ಗೊತ್ತಿತ್ತಾ?"

"ಅಕ್ಷರ ಅಂತ ಗೊತ್ತಿತ್ತು. ಯಾವುದು ಯಾವುದು ಅಂತ ಗೊತ್ತಿರಲಿಲ್ಲ. ಸೂಜಿ ಹಾಕುವ ಕ್ರಮ ಆ ಹುಡುಗಿಯರು ಅಂಗಳಕ್ಕೆ ಬಂದಾಗ ಅವರ ಮಡಿಲು ನೋಡಿ ಕಲಿತೆ. ದಿನಾ ಒಂದು ತುಂಡು ಎಣಿಸಿ ನೆನಪಿಟ್ಟುಕೊಳ್ಳುವುದು. ಮೇಲೆ ನಾಲ್ಕು, ಬದಿಗೆ ಎರಡು, ಕೆಳಗೆ ಮೂರು. ಮಗುವನ್ನು ಮಲಗಿಸುವಾಗ ಅದನ್ನೇ ಹಾಡಿನ ಹಾಗೆ ಹೇಳುತ್ತಿದ್ದೆ. ಮಗು ಮಲಗಿದ ಮೇಲೆ ಹೊಲಿಯುತ್ತಿದ್ದೆ. ಅಮ್ಮನವರು ಬಿಸಾಡಿದ ಹಳೆ ಸೀರೆಯ ಅಂಚಿನ ನೂಲು."

ಎರಡು ವರ್ಷ ಹಿಡಿಯಿತಂತೆ. ಮದುವೆಯಾಗಿ ಮರ್ಕಂಜಕ್ಕೆ ಬಂದಾಗ ಜೊತೆಗೆ ತಂದು ಗೋಡೆಯಲ್ಲಿ ತೂಗುಹಾಕಿದ್ದರು. ಆ ಮನೆಯಲ್ಲಿ ಆಗ ಓದು ಬಲ್ಲವರು ಯಾರೂ ಇರಲಿಲ್ಲ, ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು. ಮಗ ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಒಂದು ದಿನ ಗೋಡೆ ನೋಡಿ, "ಅವ್ವ, ಇದೆಲ್ಲ ತಿರುಗಾ ಉಂಟು" ಎಂದು ನಕ್ಕ. ಆ ದಿನವೇ ತೆಗೆದು ಪೆಟ್ಟಿಗೆಯ ಅಡಿಗೆ ಹಾಕಿದರು.

"ಯಾರಿಗೂ ತೋರಿಸಿರಲಿಲ್ಲ. ಇವಳು ಸುಳ್ಯದ ಪೇಟೆಗೆ ಕೊಂಡುಹೋದಳು" ಎಂದು ಮೊಮ್ಮಗಳ ಕಡೆ ನೋಡಿದರು. ಸಿಟ್ಟು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮಂಗಳೂರಿನಿಂದ ಬಂದ ಇನ್‌ಸ್ಪೆಕ್ಟ್ರೆಸ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು, ಇಂಥದ್ದನ್ನು ನೋಡಿಲ್ಲ ಎಂದದ್ದು ಎಲ್ಲ ಹೇಳಿದೆ. ಅಜ್ಜಿ ಎರಡು ಸಲ ಹೇಳಿಸಿಕೊಂಡರು. "ನಗಲಿಲ್ಲವಾ ಅವರು?" ಎಂದು ಕೇಳಿದರು. ನಗಲಿಲ್ಲ ಎಂದೆ. ಅವರು ಬಟ್ಟೆಯನ್ನು ನನ್ನ ಕಡೆ ತಳ್ಳಿದರು.

"ನಿಮ್ಮದು ಚಂದ ಉಂಟು, ಟೀಚರೇ. ಆದರೆ ಅದನ್ನು ಬಿಚ್ಚಿ ಕೊಡಿ."

ಜಗಲಿಯಲ್ಲಿ ಕೂತು ನನ್ನ ನಾಲ್ಕು ಅಕ್ಷರಗಳನ್ನು ಬಿಚ್ಚಿದೆ. ನಾನೇ ಅವರ ಹಾಗೆ ತಿರುಗಾ ಹಾಕಿ ಕೊಡುತ್ತೇನೆಂದು ಸೂಜಿಗೆ ನೂಲು ಪೋಣಿಸಿದೆ. ಆಗಲಿಲ್ಲ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಕೈ ತನ್ನಷ್ಟಕ್ಕೆ ಸರಿಯಾದ 'ಅ'ದ ಕಡೆಗೇ ತಿರುಗುತ್ತಿತ್ತು. ಮೂರು ಸಲ ತಪ್ಪಿದ ಮೇಲೆ ಅಜ್ಜಿ ನಕ್ಕು, "ಕೊಡಿ ಇಲ್ಲಿ" ಎಂದರು. ನನ್ನ ಅಂಗಡಿ ನೂಲನ್ನು ತೆಗೆಸಿ, ಸೊಸೆಯಿಂದ ಹಳೆಯ ಸೀರೆ ತರಿಸಿ ಅಂಚಿನ ಎಳೆ ಎಳೆಸಿದರು. ನೂಲು ಪೋಣಿಸಿದ್ದು ಮಾತ್ರ ನಾನು. ಹಳೆಯ ಸೂಜಿಯ ತೂತುಗಳು ಒರಟು ಬಟ್ಟೆಯಲ್ಲಿ ಇನ್ನೂ ಉಳಿದಿದ್ದವು. ಯಾವುದು ನನ್ನ ತೂತು, ಯಾವುದು ತನ್ನದು ಎಂದು ಉಗುರಿನಿಂದ ತಡವಿ ಅವರು ಹೇಳುತ್ತಿದ್ದರು. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಮೇಲೆ ನಾಲ್ಕು, ಬದಿಗೆ ಎರಡು. ಅಂದು ಒಂದು ಅಕ್ಷರ ಆಯಿತು. ಉಳಿದ ಮೂರಕ್ಕೆ ಇನ್ನೆರಡು ಶನಿವಾರ ಹೋಗಿ ಬಂದೆ, ಸೂಜಿಗೆ ನೂಲು ಪೋಣಿಸಲು.

ಇನ್‌ಸ್ಪೆಕ್ಟ್ರೆಸರಿಗೆ ನಾಲ್ಕು ಪುಟದ ಕಾಗದ ಬರೆದೆ. ಉತ್ತರ ಒಂದು ಕಾರ್ಡಿನಲ್ಲಿ ಬಂತು. ಅಂಗಳದಲ್ಲಿ ನಿಂತು ಕಲಿಯುವವರು ನಿಮ್ಮ ಕ್ಲಾಸಿನಲ್ಲಿಯೂ ಇರಬಹುದು, ನೋಡಿಕೊಳ್ಳಿ ಎಂದಿತ್ತು.

ನೋಡಿಕೊಂಡೆ. ಕ್ಲಾಸಿನ ಹಿಂದಿನ ಸಾಲಿನವರನ್ನು ಎಬ್ಬಿಸಿ ಹಲಗೆಯ ಬದಿಗೆ ಕೂರಿಸುವುದು ಆಗ ಶುರುವಾದದ್ದು. ಮಕ್ಕಳ ಹೊಲಿಗೆ ಬಿಚ್ಚುವುದನ್ನು ನಿಲ್ಲಿಸಿದೆ. ತಪ್ಪಿದರೆ ತಪ್ಪನ್ನು ಅಲ್ಲಿಯೇ ಬಿಟ್ಟು ಅದರ ಪಕ್ಕದಲ್ಲಿ ಇನ್ನೊಮ್ಮೆ ಹಾಕಿಸುತ್ತಿದ್ದೆ. ವರ್ಷದ ಕೊನೆಗೆ ಬಟ್ಟೆ ನೋಡಿದರೆ ಎಲ್ಲಿ ಕೈ ತಡವರಿಸಿತು, ಎಲ್ಲಿ ಹಿಡಿತ ಬಂತು ಎಂದು ಮಗುವಿಗೇ ಕಾಣುತ್ತಿತ್ತು. ಕೇಶವ ಮಾಸ್ಟ್ರು ಇದನ್ನು ಒಪ್ಪಲಿಲ್ಲ. "ಗಣಿತದಲ್ಲಿ ತಪ್ಪು ಲೆಕ್ಕ ಹಾಗೇ ಬಿಡುದಾ, ಮಾರಾಯ್ರೆ?" ಎಂದರು. ಆದರೂ ಅಡ್ಡ ಬರಲಿಲ್ಲ.

ಅರುವತ್ತನೆಯ ಇಸವಿಯ ನಂತರ ನನಗೆ ಕಡಬಕ್ಕೆ ವರ್ಗವಾಯಿತು. ಅಷ್ಟರಲ್ಲಿ ಪಾಠಪಟ್ಟಿ ಬದಲಾಗುತ್ತಾ ಬಂತು. ಶಾಲೆಗೆ ಮೆಷಿನ್ ಬಂತು, ಲಂಗ, ಜುಬ್ಬ ಹೊಲಿಸಬೇಕು ಎಂದಾಯಿತು. ಸ್ಯಾಂಪ್ಲರ್ ಮೊದಲು ಚಿಕ್ಕದಾಯಿತು, ಆಮೇಲೆ ಕಾಗದಕ್ಕೆ ಅಂಟಿಸುವ ಬಟ್ಟೆಯ ತುಂಡುಗಳಾಯಿತು, ಮತ್ತೆ ಇಲ್ಲವಾಯಿತು. ಬೇಸರವಾಯಿತೆಂದು ಸುಳ್ಳು ಹೇಳುವುದಿಲ್ಲ. ಮೆಷಿನ್ ಕಲಿತ ಹುಡುಗಿಯರು ತಮ್ಮ ಕಾಲ ಮೇಲೆ ನಿಂತರು, ಕ್ರಾಸ್ ಸ್ಟಿಚ್ ಕಲಿತವರು ತಲೆದಿಂಬಿಗೆ ಗಿಳಿ ಹಾಕಿದರು. ಆದರೆ ಮೆಷಿನಿನ ಹೊಲಿಗೆ ನೋಡಿ ಹೊಲಿದವಳು ಯಾರೆಂದು ನಾನು ಹೇಳಲಾರೆ. ಹಳೆಯ ಬಟ್ಟೆ ನೋಡಿದರೆ ಹೇಳಬಲ್ಲೆ.

ಕಡಬಕ್ಕೆ ಹೋದ ಮರುವರ್ಷ ಕುಸುಮನ ಮದುವೆಯ ಕರೆಯೋಲೆ ಬಂತು. ಮದುವೆಗೆ ಹೋಗಲು ರಜೆ ಸಿಗಲಿಲ್ಲ. ಆಮೇಲೆ ಒಂದು ಆದಿತ್ಯವಾರ ಮರ್ಕಂಜಕ್ಕೆ ಹೋದೆ. ಸ್ಯಾಂಪ್ಲರ್ ಗೋಡೆಗೆ ವಾಪಸು ಬಂದಿತ್ತು. ಕುಸುಮನ ಅಪ್ಪನೇ, ಅಂದರೆ ಅಂದು ನಕ್ಕ ಮಗನೇ, ಮೊಳೆ ಹೊಡೆದು ಹಾಕಿದ್ದಂತೆ. ಅಜ್ಜಿಗೆ ಈಗ ಹತ್ತಿರದ್ದು ಮಾತ್ರ ಕಾಣುತ್ತಿತ್ತು.

"ಟೀಚರೇ, ಒಂದು ಕೇಳುವುದಿತ್ತು. ಆ ದಿನ ನಾಚಿಕೆಯಾಯಿತು, ಬಿಟ್ಟೆ" ಎಂದರು.

"ಎಂತ ಅಮ್ಮಾ?"

"ಇದರಲ್ಲಿ ನನ್ನ ಹೆಸರಿನ ಅಕ್ಷರ ಉಂಟಾ?"

ನಾನು ಬಟ್ಟೆಯನ್ನು ಗೋಡೆಯಿಂದ ತೆಗೆದು ಅವರ ಮಡಿಲಲ್ಲಿ ಹರಡಿದೆ. ಅವರ ತೋರುಬೆರಳು ಹಿಡಿದು ಕೆಳಗಿನ ಸಾಲುಗಳಿಗೆ ಒಯ್ದು ಒಂದೊಂದರ ಮೇಲೂ ಇಟ್ಟೆ. "ಇದು ಪ. ಇದು ಮ. ಇಲ್ಲಿ ಕೆಳಗೆ ವ. ಈ ಮೂರರಲ್ಲಿಯೇ ಪೂವಮ್ಮ ಆಗುದು."

ಅವರು ಬೆರಳನ್ನು ಮೂರು ಕಡೆಗೂ ಮತ್ತೆ ಮತ್ತೆ ಒಯ್ದರು.

"ಇವುಗಳಾ? ನನ್ನನ್ನು ಸತಾಯಿಸಿದ್ದು ಇವೇ ಮೂರು. ಒಂದರ ಹಾಗೆ ಇನ್ನೊಂದು ಕಾಣುತ್ತಿತ್ತು. ಎಣಿಸಿದಷ್ಟೂ ತಪ್ಪುತ್ತಿತ್ತು. ಎಷ್ಟು ಸಲ ಬಿಚ್ಚಿ ಹಾಕಿದ್ದೇನೋ. ನೋಡಿ, ಇಲ್ಲಿ ಬಟ್ಟೆಯೇ ಸವೆದು ಹೋಗಿದೆ."

ನಿಜವಾಗಿಯೂ ಆ ಮೂರು ಅಕ್ಷರಗಳ ಸುತ್ತ ಬಟ್ಟೆ ತೆಳುವಾಗಿತ್ತು. ಅಷ್ಟು ಸಲ ನೋಡಿದ್ದರೂ ನಾನು ಗಮನಿಸಿರಲಿಲ್ಲ.

ಅಜ್ಜಿ ಸೊಸೆಯನ್ನು ಕರೆದರು. ಅವರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಬಾಗಿಲ ಹತ್ತಿರ ನಿಂತು ಏನಾಯಿತು ಎಂದು ಕೇಳಿದರು.

"ಹತ್ತಿರ ಬಾ. ಇಲ್ಲಿ ಕೂತು ನೋಡು" ಎಂದರು ಅಜ್ಜಿ. "ನನ್ನ ಹೆಸರು."